ಹೆಸರಿನಿಂದ ಸೂತ್ರ, ಸೂತ್ರದಿಂದ ಸಮೀಕರಣ: ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹೈಸ್ಕೂಲು ಮತ್ತು ಪಿಯುಸಿ ವಿದ್ಯಾರ್ಥಿಗಳಿಂದಲೂ, ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡುವ ಅಣ್ಣ-ಅಕ್ಕಂದಿರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಎಷ್ಟು ಸಲ ಎಣಿಸಿದರೂ ಸಮೀಕರಣದ ಎರಡು ಕಡೆಯ ಪರಮಾಣುಗಳ ಲೆಕ್ಕ ಸರಿಹೋಗುವುದಿಲ್ಲ, ಏನು ಮಾಡಬೇಕು? ಅವರು ಬಿಡಿಸಿದ ಲೆಕ್ಕವನ್ನು ತೆಗೆದು ನೋಡಿದರೆ ಎಣಿಕೆ ಬಹುಪಾಲು ಸರಿಯಾಗಿಯೇ ಇರುತ್ತದೆ, ಆದರೆ ಎಣಿಸಲು ಎತ್ತಿಕೊಂಡ ಸೂತ್ರವೇ ತಪ್ಪಾಗಿರುತ್ತದೆ. ಅಲ್ಯೂಮಿನಿಯಂ ಸಲ್ಫೇಟಿನ ಸೂತ್ರ ತಪ್ಪಿದ ಮೇಲೆ ಆ ಸಮೀಕರಣವನ್ನು ಯಾರೂ ಸರಿದೂಗಿಸಲಾರರು. ಆದ್ದರಿಂದ ಹೆಸರಿಡುವುದು ಒಂದು ಪಾಠ, ಸರಿದೂಗಿಸುವುದು ಇನ್ನೊಂದು ಪಾಠ ಎಂದು ಬೇರೆ ಮಾಡದೆ, ಎರಡನ್ನೂ ಒಂದೇ ಸರಣಿಯಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಒಂದು ಸೂಚನೆ. ಈ ಲೇಖನದಲ್ಲಿ ಧಾತುಗಳ ಸಂಕೇತಗಳನ್ನು ತರಗತಿಯಲ್ಲಿ ಬಾಯಿಬಿಟ್ಟು ಓದುವ ಹಾಗೆ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ ಮತ್ತು ಒಂದು ಧಾತುವಿನ ಸಂಕೇತಕ್ಕೂ ಇನ್ನೊಂದರ ಸಂಕೇತಕ್ಕೂ ನಡುವೆ ಜಾಗ ಬಿಟ್ಟಿದ್ದೇನೆ. ‘ಎಚ್₂ ಓ’ ಎಂದರೆ ನೀರು; ‘ಸಿಎ ಸಿ ಓ₃’ ಎಂದರೆ ಕ್ಯಾಲ್ಸಿಯಂ, ಕಾರ್ಬನ್ ಮತ್ತು ಮೂರು ಆಕ್ಸಿಜನ್ ಸೇರಿದ ಕ್ಯಾಲ್ಸಿಯಂ ಕಾರ್ಬೊನೇಟ್. ಉತ್ತರಪತ್ರಿಕೆಯಲ್ಲಿ ಮಾತ್ರ ನೀವು ಅಂತರರಾಷ್ಟ್ರೀಯ ಸಂಕೇತಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ, ನಡುವೆ ಜಾಗ ಬಿಡದೆ ಬರೆಯಬೇಕು.

ಹಂತ 1: ಅಯಾನುಗಳ ಆವೇಶ ಬಾಯಿಪಾಠವಾಗಿರಲಿ

ಅಯಾನು ಎಂದರೆ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಅಥವಾ ಪಡೆದುಕೊಂಡು ವಿದ್ಯುದಾವೇಶ ಹೊಂದಿದ ಪರಮಾಣು ಅಥವಾ ಪರಮಾಣುಗಳ ಗುಂಪು. ರಸಾಯನಶಾಸ್ತ್ರದಲ್ಲಿ ಕಂಠಪಾಠ ಬೇಡ, ಅರ್ಥವಾದರೆ ಸಾಕು ಎನ್ನುವವರಿದ್ದಾರೆ. ಈ ಒಂದು ಪಟ್ಟಿಯ ಮಟ್ಟಿಗೆ ನಾನು ಆ ಮಾತನ್ನು ಒಪ್ಪುವುದಿಲ್ಲ. ಮಗ್ಗಿ ಬಾರದೆ ಭಾಗಾಕಾರ ಹೇಗೆ ಬರುವುದಿಲ್ಲವೋ ಹಾಗೆಯೇ ಆವೇಶ ಗೊತ್ತಿಲ್ಲದೆ ಸೂತ್ರ ಬರುವುದಿಲ್ಲ.

ಧನ ಅಯಾನುಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ, ಬೆಳ್ಳಿ, ಹೈಡ್ರೋಜನ್ ಮತ್ತು ಅಮೋನಿಯಂ ಇವುಗಳ ಆವೇಶ +1. ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೇರಿಯಂ ಮತ್ತು ಸತುವು +2. ಅಲ್ಯೂಮಿನಿಯಂ +3. ಕಬ್ಬಿಣ ಕೆಲವು ಸಂಯುಕ್ತಗಳಲ್ಲಿ +2, ಕೆಲವುಗಳಲ್ಲಿ +3. ತಾಮ್ರ +1 ಅಥವಾ +2. ಋಣ ಅಯಾನುಗಳಲ್ಲಿ ಕ್ಲೋರೈಡ್, ಹೈಡ್ರಾಕ್ಸೈಡ್, ನೈಟ್ರೇಟ್, ಹೈಡ್ರೋಜನ್ ಕಾರ್ಬೊನೇಟ್ ಇವು –1. ಆಕ್ಸೈಡ್, ಸಲ್ಫೈಡ್, ಸಲ್ಫೈಟ್, ಸಲ್ಫೇಟ್, ಕಾರ್ಬೊನೇಟ್ ಇವು –2. ಫಾಸ್ಫೇಟ್ ಮತ್ತು ನೈಟ್ರೈಡ್ –3. ಹತ್ತನೆಯ ತರಗತಿಯ ಬಹುಪಾಲು ಸೂತ್ರಗಳಿಗೆ ಇಷ್ಟು ಸಾಕು.

ಇಲ್ಲಿ ಎಡವುವ ಜಾಗ ಒಂದಿದೆ. ಸಲ್ಫೈಡ್, ಸಲ್ಫೈಟ್, ಸಲ್ಫೇಟ್ ಎಂಬ ಮೂರು ಹೆಸರುಗಳು ಕಿವಿಗೆ ಬಹಳ ಹತ್ತಿರ ಕೇಳಿಸುತ್ತವೆ, ಅದರಲ್ಲೂ ಗದ್ದಲದ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವವರಿಗೆ. ಹೆಸರು ‘ಐಡ್’ ಎಂದು ಮುಗಿದರೆ ಸಾಮಾನ್ಯವಾಗಿ ಆ ಅಯಾನಿನಲ್ಲಿ ಒಂದೇ ಧಾತುವಿದೆ. ಸಲ್ಫೈಡಿನಲ್ಲಿ ಗಂಧಕ ಮಾತ್ರ. ‘ಐಟ್’ ಮತ್ತು ‘ಏಟ್’ ಎಂದರೆ ಜೊತೆಗೆ ಆಕ್ಸಿಜನ್ ಸೇರಿದೆ ಎಂದರ್ಥ, ‘ಐಟ್’ನಲ್ಲಿ ಕಡಿಮೆ, ‘ಏಟ್’ನಲ್ಲಿ ಹೆಚ್ಚು. ಸಲ್ಫೈಟ್ ‘ಎಸ್ ಓ₃’, ಸಲ್ಫೇಟ್ ‘ಎಸ್ ಓ₄’. ನೈಟ್ರೈಟ್ ‘ಎನ್ ಓ₂’, ನೈಟ್ರೇಟ್ ‘ಎನ್ ಓ₃’. ಹೈಡ್ರಾಕ್ಸೈಡ್ ಈ ನಿಯಮಕ್ಕೆ ಅಪವಾದ: ‘ಐಡ್’ ಎಂದು ಮುಗಿದರೂ ಅದರಲ್ಲಿ ಆಕ್ಸಿಜನ್ ಮತ್ತು ಹೈಡ್ರೋಜನ್ ಎರಡೂ ಇವೆ.

ಹಂತ 2: ಸಂಯುಕ್ತ ಯಾವ ಬಗೆಯದು ಎಂದು ಗುರುತಿಸಿ

ಹೆಸರಿಡುವ ಕ್ರಮ ಸಂಯುಕ್ತದ ಬಗೆಯನ್ನು ಅವಲಂಬಿಸಿದೆ. ಸೂತ್ರದ ಮೊದಲಿಗೆ ಲೋಹ ಅಥವಾ ಅಮೋನಿಯಂ ಇದ್ದರೆ ಅದನ್ನು ಅಯಾನಿಕ ಸಂಯುಕ್ತ ಎಂದು ತಿಳಿದು, ಧನ ಅಯಾನಿನ ಹೆಸರನ್ನು ಮೊದಲು, ಋಣ ಅಯಾನಿನ ಹೆಸರನ್ನು ಆಮೇಲೆ ಹೇಳಿದರೆ ಮುಗಿಯಿತು. ‘ಸಿಎ ಸಿಎಲ್₂’ ಎಂದರೆ ಕ್ಯಾಲ್ಸಿಯಂ ಕ್ಲೋರೈಡ್. ಎರಡು ಕ್ಲೋರಿನ್ ಇವೆಯೆಂದು ಇದನ್ನು ‘ಕ್ಯಾಲ್ಸಿಯಂ ಡೈಕ್ಲೋರೈಡ್’ ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಕ್ಯಾಲ್ಸಿಯಂ +2, ಕ್ಲೋರೈಡ್ –1 ಎಂಬುದರಿಂದಲೇ ಆ ಎರಡು ಎಂಬ ಸಂಖ್ಯೆ ತಾನಾಗಿ ಹೊರಡುವುದರಿಂದ ಹೆಸರಿನಲ್ಲಿ ಅದನ್ನು ಹೇಳಬೇಕಾಗಿಲ್ಲ.

ಎರಡೂ ಅಲೋಹಗಳಾಗಿದ್ದರೆ ಮಾತ್ರ ಸಂಖ್ಯೆಯನ್ನು ಹೆಸರಿನಲ್ಲಿ ಹೇಳಲೇಬೇಕು, ಏಕೆಂದರೆ ಒಂದೇ ಜೋಡಿ ಅಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಕೂಡಬಲ್ಲವು. ಮಾನೊ ಒಂದು, ಡೈ ಎರಡು, ಟ್ರೈ ಮೂರು, ಟೆಟ್ರಾ ನಾಲ್ಕು, ಪೆಂಟಾ ಐದು. ‘ಸಿ ಓ’ ಕಾರ್ಬನ್ ಮಾನಾಕ್ಸೈಡ್, ‘ಸಿ ಓ₂’ ಕಾರ್ಬನ್ ಡೈಆಕ್ಸೈಡ್, ‘ಎನ್₂ ಓ₄’ ಡೈನೈಟ್ರೋಜನ್ ಟೆಟ್ರಾಕ್ಸೈಡ್. ಮೊದಲ ಧಾತು ಒಂದೇ ಇದ್ದಾಗ ಅದಕ್ಕೆ ‘ಮಾನೊ’ ಸೇರಿಸುವುದಿಲ್ಲ.

ಕಬ್ಬಿಣ, ತಾಮ್ರದಂತಹ ಲೋಹಗಳಿಗೆ ಒಂದಕ್ಕಿಂತ ಹೆಚ್ಚು ಆವೇಶ ಸಾಧ್ಯವಿರುವುದರಿಂದ ಯಾವ ಆವೇಶ ಎಂಬುದನ್ನು ಲೋಹದ ಹೆಸರಿನ ಪಕ್ಕದಲ್ಲಿ ಕಂಸದೊಳಗೆ ರೋಮನ್ ಅಂಕಿಯಲ್ಲಿ ಬರೆಯುತ್ತಾರೆ. ‘ಎಫ್‌ಇ ಸಿಎಲ್₂’ ಅನ್ನು ಐರನ್ ಎರಡು ಕ್ಲೋರೈಡ್ ಎಂದೂ, ‘ಎಫ್‌ಇ ಸಿಎಲ್₃’ ಅನ್ನು ಐರನ್ ಮೂರು ಕ್ಲೋರೈಡ್ ಎಂದೂ ಓದಬೇಕು. ಹಳೆಯ ಕ್ರಮದಲ್ಲಿ ಇವೇ ಫೆರಸ್ ಕ್ಲೋರೈಡ್ ಮತ್ತು ಫೆರಿಕ್ ಕ್ಲೋರೈಡ್. ತಾಮ್ರಕ್ಕೆ ಕ್ಯುಪ್ರಸ್ ಮತ್ತು ಕ್ಯುಪ್ರಿಕ್. ‘ಅಸ್’ ಎಂದರೆ ಕಡಿಮೆ ಆವೇಶ, ‘ಇಕ್’ ಎಂದರೆ ಹೆಚ್ಚು. ಒಂದು ಎಚ್ಚರಿಕೆ: ಆ ರೋಮನ್ ಅಂಕಿ ಲೋಹದ ಆವೇಶವನ್ನು ಹೇಳುತ್ತದೆಯೇ ಹೊರತು ಸೂತ್ರದಲ್ಲಿ ಎಷ್ಟು ಲೋಹದ ಪರಮಾಣುಗಳಿವೆ ಎಂಬುದನ್ನಲ್ಲ. ಐರನ್ ಮೂರು ಆಕ್ಸೈಡಿನಲ್ಲಿ, ಅಂದರೆ ‘ಎಫ್‌ಇ₂ ಓ₃’ನಲ್ಲಿ, ಕಬ್ಬಿಣದ ಪರಮಾಣುಗಳು ಎರಡೇ.

ಆಮ್ಲಗಳ ಹೆಸರು ಅವುಗಳ ಋಣ ಅಯಾನಿನಿಂದ ಬರುತ್ತದೆ. ಕ್ಲೋರೈಡಿನಿಂದ ಹೈಡ್ರೋಕ್ಲೋರಿಕ್, ಸಲ್ಫೇಟಿನಿಂದ ಸಲ್ಫ್ಯೂರಿಕ್, ಸಲ್ಫೈಟಿನಿಂದ ಸಲ್ಫ್ಯೂರಸ್, ನೈಟ್ರೇಟಿನಿಂದ ನೈಟ್ರಿಕ್.

ಅಂಗಡಿಯ ಹೆಸರುಗಳ ವಿಚಾರ

ಶಾಸ್ತ್ರೀಯ ಹೆಸರಿಡುವ ಪದ್ಧತಿ 1787ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆ ಮತ್ತು ಅವರ ಮೂವರು ಸಹೋದ್ಯೋಗಿಗಳಿಂದ ರೂಪುಗೊಂಡಿತು. ಅದಕ್ಕೂ ಮೊದಲು ಹೆಸರಿನಿಂದ ವಸ್ತುವಿನೊಳಗೆ ಏನಿದೆ ಎಂದು ಊಹಿಸಲು ಆಗುತ್ತಿರಲಿಲ್ಲ, ಇಂದಿಗೂ ನಮ್ಮ ಕಿರಾಣಿ ಮತ್ತು ಗೊಬ್ಬರದ ಅಂಗಡಿಗಳಲ್ಲಿ ಆಗುವುದಿಲ್ಲ. ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್. ಅದಕ್ಕೆ ನೀರು ಹಾಕಿ ಅರಳಿಸಿದ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅಡುಗೆ ಸೋಡಾ ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್, ಬಟ್ಟೆ ಸೋಡಾ ಸೋಡಿಯಂ ಕಾರ್ಬೊನೇಟ್. ಕಲಾಯಿ ಮಾಡುವವರ ಬಳಿ ಇರುವ ನವಸಾಗರ ಅಮೋನಿಯಂ ಕ್ಲೋರೈಡ್.

ಮೈಲುತುತ್ತ ತಾಮ್ರದ ಸಲ್ಫೇಟ್, ಆದರೆ ಅದರ ನೀಲಿ ಹರಳಿನಲ್ಲಿ ನೀರೂ ಸೇರಿಕೊಂಡಿರುವುದರಿಂದ ಸೂತ್ರವನ್ನು ‘ಸಿಯು ಎಸ್ ಓ₄ · 5 ಎಚ್₂ ಓ’ ಎಂದೂ, ಹೆಸರನ್ನು ಕಾಪರ್ ಎರಡು ಸಲ್ಫೇಟ್ ಪೆಂಟಾಹೈಡ್ರೇಟ್ ಎಂದೂ ಬರೆಯುತ್ತಾರೆ. ಹರಳನ್ನು ಕಾಯಿಸಿದರೆ ನೀರು ಹೋಗಿ ಪುಡಿ ಬಿಳಿಯಾಗುತ್ತದೆ. ನಡುವಿನ ಚುಕ್ಕೆಯನ್ನು ಗುಣಾಕಾರ ಚಿಹ್ನೆ ಎಂದು ತಿಳಿಯಬಾರದು. ತೊಗರಿಗೆ ಹಾಕುವ ಡಿಎಪಿ ಎಂದರೆ ಡೈಅಮೋನಿಯಂ ಫಾಸ್ಫೇಟ್; ಸೂತ್ರದಲ್ಲಿ ಒಂದು ಹೈಡ್ರೋಜನ್ ಕೂಡ ಉಳಿದಿರುವುದರಿಂದ, ಅಂದರೆ ‘(ಎನ್ ಎಚ್₄)₂ ಎಚ್ ಪಿ ಓ₄’ ಆಗಿರುವುದರಿಂದ, ನಿಖರವಾಗಿ ಹೇಳಬೇಕೆಂದರೆ ಅದು ಡೈಅಮೋನಿಯಂ ಹೈಡ್ರೋಜನ್ ಫಾಸ್ಫೇಟ್. ಚೀಲದ ಮೇಲಿನ 18-46 ಎಂಬ ಅಂಕಿಗಳಲ್ಲಿ 18 ಶೇಕಡಾ ಸಾರಜನಕದ್ದು. 46 ಎಂಬುದು ರಂಜಕವನ್ನು ‘ಪಿ₂ ಓ₅’ ರೂಪದಲ್ಲಿ ಲೆಕ್ಕ ಹಾಕಿದ್ದು, ಬರೀ ರಂಜಕದ ಪ್ರಮಾಣವಲ್ಲ.

ಹಂತ 3: ಹೆಸರಿನಿಂದ ಸೂತ್ರ ಕಟ್ಟಿ

ಧನ ಅಯಾನಿನ ಸಂಕೇತವನ್ನು ಎಡಕ್ಕೆ, ಋಣ ಅಯಾನಿನದನ್ನು ಬಲಕ್ಕೆ ಬರೆದು ಕೆಳಗೆ ಅವುಗಳ ಆವೇಶ ಗುರುತಿಸಿ. ಎಡದ ಆವೇಶದ ಅಂಕಿಯನ್ನು ಬಲದ ಸಂಕೇತದ ಬುಡಕ್ಕೆ, ಬಲದ ಅಂಕಿಯನ್ನು ಎಡದ ಸಂಕೇತದ ಬುಡಕ್ಕೆ ಅಡ್ಡಡ್ಡ ಬದಲಿಸಿ. ಹೀಗೆ ಬುಡದಲ್ಲಿ ಸಣ್ಣದಾಗಿ ಬರೆಯುವ ಅಂಕಿಯೇ ಪಾದಾಂಕ. ಅಲ್ಯೂಮಿನಿಯಂ +3, ಸಲ್ಫೇಟ್ –2. ಅಡ್ಡ ಬದಲಿಸಿದರೆ ಅಲ್ಯೂಮಿನಿಯಂ ಎರಡು, ಸಲ್ಫೇಟ್ ಮೂರು: ‘ಎಎಲ್₂ (ಎಸ್ ಓ₄)₃’. ಒಟ್ಟು ಧನ ಆವೇಶ 6, ಒಟ್ಟು ಋಣ ಆವೇಶ 6. ಈ ಕೂಡಿಸುವ ಪರೀಕ್ಷೆಯನ್ನು ಪ್ರತಿ ಸೂತ್ರಕ್ಕೂ ಮಾಡಿ.

ಗುಂಪು ಅಯಾನು ಒಂದಕ್ಕಿಂತ ಹೆಚ್ಚು ಬಂದಾಗ ಕಂಸ ಕಡ್ಡಾಯ. ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ‘ಸಿಎ (ಓ ಎಚ್)₂’ ಎಂದು ಬರೆಯದೆ ಕಂಸ ಬಿಟ್ಟು ‘ಸಿಎ ಓ ಎಚ್₂’ ಎಂದರೆ ಆಕ್ಸಿಜನ್ ಒಂದೇ ಉಳಿಯುತ್ತದೆ, ಮುಂದಿನ ಲೆಕ್ಕವೆಲ್ಲ ಅಲ್ಲಿಗೇ ಕೆಡುತ್ತದೆ. ಎರಡೂ ಕಡೆಯ ಅಂಕಿಗಳು ಒಂದೇ ಸಂಖ್ಯೆಯಿಂದ ಭಾಗವಾಗುವಂತಿದ್ದರೆ ಭಾಗಿಸಿ: ಕ್ಯಾಲ್ಸಿಯಂ ಆಕ್ಸೈಡ್ ‘ಸಿಎ₂ ಓ₂’ ಅಲ್ಲ, ‘ಸಿಎ ಓ’.

ಹಂತ 4: ಮೊದಲು ಮಾತಿನಲ್ಲಿ, ಆಮೇಲೆ ಸೂತ್ರದಲ್ಲಿ

ಕ್ರಿಯೆಗೆ ಒಳಗಾಗುವ ವಸ್ತುಗಳು ಪ್ರತಿವರ್ತಕಗಳು. ಅವು ಬಾಣದ ಎಡಕ್ಕೆ. ಉಂಟಾಗುವವು ಉತ್ಪನ್ನಗಳು, ಅವು ಬಲಕ್ಕೆ. ಮೊದಲು ಪದ ಸಮೀಕರಣ ಬರೆದು, ಅದರ ಕೆಳಗೆ ಪ್ರತಿ ಹೆಸರಿನ ನೇರಕ್ಕೆ ಸೂತ್ರ ಬರೆಯಿರಿ. ಈ ಸಾಲನ್ನು ಉಳಿಸಲು ಹೋದವರೇ ಹೆಚ್ಚು ತಪ್ಪು ಮಾಡುತ್ತಾರೆ.

ಧಾತುಗಳು ಒಂಟಿಯಾಗಿ ಬಂದಾಗ ಏಳು ಧಾತುಗಳನ್ನು ಜೋಡಿ ಪರಮಾಣುಗಳಾಗಿಯೇ ಬರೆಯಬೇಕು: ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್. ಆಕ್ಸಿಜನ್ ಅನಿಲವನ್ನು ಬರೀ ‘ಓ’ ಎಂದು ಬರೆದು ಸಮೀಕರಣ ಸರಿಹೋಯಿತೆಂದು ಸಂತೋಷಪಡುವುದು ಸಾಮಾನ್ಯ ತಪ್ಪು.

ಹಂತ 5: ಎಣಿಸಿ, ಸಹಗುಣಕ ಹಾಕಿ

ಸೂತ್ರದ ಮುಂದೆ ದೊಡ್ಡದಾಗಿ ಬರೆಯುವ ಅಂಕಿ ಸಹಗುಣಕ. ಅದು ಆ ಸೂತ್ರದಲ್ಲಿರುವ ಎಲ್ಲವನ್ನೂ ಗುಣಿಸುತ್ತದೆ. ಸರಿದೂಗಿಸುವಾಗ ನಿಮ್ಮ ಕೈಯಲ್ಲಿರುವುದು ಸಹಗುಣಕ ಮಾತ್ರ. ಪಾದಾಂಕವನ್ನು ಮುಟ್ಟಿದರೆ ವಸ್ತುವೇ ಬದಲಾಗುತ್ತದೆ: ಆಕ್ಸಿಜನ್ ಒಂದು ಕಡಿಮೆಯಾಯಿತೆಂದು ‘ಎಚ್₂ ಓ’ ಅನ್ನು ‘ಎಚ್₂ ಓ₂’ ಮಾಡಿದರೆ ಅದು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ.

ಮೊದಲು ಎಣಿಸದೆ ಅಂಕಿ ಹಾಕಲು ಹೊರಡಬೇಡಿ, ಏಕೆಂದರೆ ಎಷ್ಟೋ ಸಮೀಕರಣಗಳು ಬರೆದ ಕೂಡಲೇ ಸರಿದೂಗಿರುತ್ತವೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಸುಣ್ಣದಕಲ್ಲನ್ನು ಕಾಯಿಸಿದಾಗ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನಡೆಯುವ ಕ್ರಿಯೆ ಇದು:

ಸಿಎ ಸಿ ಓ₃ → ಸಿಎ ಓ + ಸಿ ಓ₂

ಎರಡೂ ಕಡೆ ಕ್ಯಾಲ್ಸಿಯಂ 1, ಕಾರ್ಬನ್ 1, ಆಕ್ಸಿಜನ್ 3. ಕೆಲಸ ಮುಗಿದಿದೆ. ಸುಟ್ಟ ಸುಣ್ಣಕ್ಕೆ ನೀರು ಹಾಕುವ ಕ್ರಿಯೆ, ಗೋಡೆಗೆ ಬಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗುವ ಕ್ರಿಯೆ, ಇವೆರಡೂ ಹೀಗೆಯೇ ತಾವಾಗಿ ಸರಿದೂಗುತ್ತವೆ, ಬರೆದು ನೋಡಿ. (ಬರೆದು ಮಾತ್ರ ನೋಡಿ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಅಪಾಯ.)

ಈಗ ಅಂಕಿ ಬೇಕಾಗುವ ಒಂದು ಉದಾಹರಣೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಸುಯ್ಯೆಂದು ನೊರೆಯೆದ್ದು, ತೊಳೆದ ಮೇಲೆ ಆ ಜಾಗ ಹೊಳಪು ಕಳೆದುಕೊಂಡು ಒರಟಾಗಿರುತ್ತದೆ. ಕಲ್ಲು ಸುಣ್ಣದಕಲ್ಲಿನ ಜಾತಿಯದು, ಆಸಿಡ್ ಹೈಡ್ರೋಕ್ಲೋರಿಕ್ ಆಮ್ಲ, ನೊರೆ ಕಾರ್ಬನ್ ಡೈಆಕ್ಸೈಡಿನದು.

ಸಿಎ ಸಿ ಓ₃ + ಎಚ್ ಸಿಎಲ್ → ಸಿಎ ಸಿಎಲ್₂ + ಎಚ್₂ ಓ + ಸಿ ಓ₂

ಎಡಕ್ಕೆ ಕ್ಲೋರಿನ್ 1, ಬಲಕ್ಕೆ 2. ಆಮ್ಲದ ಮುಂದೆ 2 ಹಾಕಿದರೆ ಕ್ಲೋರಿನ್ ಸರಿಯಾಗುವುದರ ಜೊತೆಗೆ ಹೈಡ್ರೋಜನ್ ಕೂಡ ಎರಡಾಗಿ ನೀರಿನದಕ್ಕೆ ಸಮನಾಗುತ್ತದೆ. ಆಕ್ಸಿಜನ್ ಎಡಕ್ಕೆ 3. ಬಲಕ್ಕೆ ನೀರಿನ 1 ಮತ್ತು ಕಾರ್ಬನ್ ಡೈಆಕ್ಸೈಡಿನ 2 ಸೇರಿ 3.

ಸಿಎ ಸಿ ಓ₃ + 2 ಎಚ್ ಸಿಎಲ್ → ಸಿಎ ಸಿಎಲ್₂ + ಎಚ್₂ ಓ + ಸಿ ಓ₂

ಯಾವ ಧಾತುವಿನಿಂದ ಆರಂಭಿಸಬೇಕು ಎಂಬುದಕ್ಕೆ ನನ್ನ ಸಲಹೆ ಇದು: ಎರಡೂ ಕಡೆ ಒಂದೊಂದೇ ಸೂತ್ರದಲ್ಲಿ ಕಾಣಿಸುವ ಧಾತುವನ್ನು, ಸಾಮಾನ್ಯವಾಗಿ ಲೋಹವನ್ನು, ಮೊದಲು ಹಿಡಿಯಿರಿ, ಹೈಡ್ರೋಜನ್ ಆಮೇಲೆ, ಆಕ್ಸಿಜನ್ ಹಲವು ಸೂತ್ರಗಳಲ್ಲಿ ಹಂಚಿಹೋಗಿರುವುದರಿಂದ ಅದು ಕೊನೆಗೆ, ಒಂಟಿಯಾಗಿ ನಿಂತ ಧಾತು ಇದ್ದರೆ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಅದರ ಸಹಗುಣಕ ಬದಲಿಸಿದರೆ ಬೇರೆ ಯಾವ ಧಾತುವಿನ ಲೆಕ್ಕವೂ ಕದಲುವುದಿಲ್ಲ. ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸುವ ಕ್ರಿಯೆಯಲ್ಲಿ ಕಬ್ಬಿಣ ಮತ್ತು ಹೈಡ್ರೋಜನ್ ಎರಡೂ ಒಂಟಿಯಾಗಿ ನಿಂತಿವೆ:

ಎಫ್‌ಇ + ಎಚ್₂ ಓ → ಎಫ್‌ಇ₃ ಓ₄ + ಎಚ್₂

ಇಲ್ಲಿ ಆಕ್ಸಿಜನ್ ಎರಡೂ ಕಡೆ ಒಂದೊಂದೇ ಸೂತ್ರದಲ್ಲಿದೆ, ಆದ್ದರಿಂದ ಅದರಿಂದಲೇ ಶುರುಮಾಡಿ ನೀರಿನ ಮುಂದೆ 4 ಹಾಕಿ. ಹೈಡ್ರೋಜನ್ 8 ಆಯಿತು, ಹೈಡ್ರೋಜನ್ ಅನಿಲದ ಮುಂದೆ 4. ಕಬ್ಬಿಣದ ಮುಂದೆ 3.

ಗುಂಪು ಅಯಾನುಗಳು ಒಡೆಯದೆ ಎರಡೂ ಕಡೆ ಹಾಗೇ ಉಳಿದಿದ್ದರೆ ಅವುಗಳನ್ನು ಬಿಡಿಬಿಡಿ ಪರಮಾಣುಗಳಾಗಿ ಎಣಿಸದೆ ಇಡೀ ಗುಂಪಾಗಿ ಎಣಿಸಿ. ಮಳೆಗಾಲದಲ್ಲಿ ಭೀಮಾ ನದಿಯ ಕೆಂಪು-ಬೂದು ನೀರನ್ನು ತಿಳಿಗೊಳಿಸಲು ಪಟಿಕ ಬಳಸುವುದು ನಿಮಗೆ ಗೊತ್ತಿದೆ. ನೀರಿನ ಘಟಕಗಳಲ್ಲಿ ಅಲ್ಯೂಮಿನಿಯಂ ಸಲ್ಫೇಟಿನ ಜೊತೆ ಸುಣ್ಣವನ್ನೂ ಸೇರಿಸುವುದುಂಟು. ಆಗ ಅಂಟಂಟಾದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಉಂಟಾಗಿ ಮಣ್ಣಿನ ಕಣಗಳನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ.

ಎಎಲ್₂ (ಎಸ್ ಓ₄)₃ + ಸಿಎ (ಓ ಎಚ್)₂ → ಎಎಲ್ (ಓ ಎಚ್)₃ + ಸಿಎ ಎಸ್ ಓ₄

ಎಡಕ್ಕೆ ಅಲ್ಯೂಮಿನಿಯಂ 2, ಆದ್ದರಿಂದ ಬಲದ ಹೈಡ್ರಾಕ್ಸೈಡಿನ ಮುಂದೆ 2. ಎಡಕ್ಕೆ ಸಲ್ಫೇಟ್ ಗುಂಪು 3, ಆದ್ದರಿಂದ ಕ್ಯಾಲ್ಸಿಯಂ ಸಲ್ಫೇಟಿನ ಮುಂದೆ 3. ಈಗ ಬಲಕ್ಕೆ ಕ್ಯಾಲ್ಸಿಯಂ 3 ಆಗಿರುವುದರಿಂದ ಎಡದ ಸುಣ್ಣದ ಮುಂದೆ 3. ಹೈಡ್ರಾಕ್ಸೈಡ್ ಗುಂಪು ಎಡಕ್ಕೆ 3 × 2 = 6, ಬಲಕ್ಕೆ 2 × 3 = 6. ಇದನ್ನೇ ಆಕ್ಸಿಜನ್ ಒಂದೊಂದಾಗಿ ಎಣಿಸಹೊರಟರೆ ಪ್ರತಿ ಕಡೆ 18 ಆಕ್ಸಿಜನ್ ಪರಮಾಣುಗಳನ್ನು ಹುಡುಕಿ ಕೂಡಿಸುತ್ತ ಕೂರಬೇಕಾಗುತ್ತದೆ.

ಹಂತ 6: ಭಿನ್ನರಾಶಿಗೆ ಹೆದರಬೇಡಿ

ಉರಿಯುವ ಕ್ರಿಯೆಗಳಲ್ಲಿ ಆಕ್ಸಿಜನ್ ಬೆಸ ಸಂಖ್ಯೆಗೆ ಬಂದು ನಿಂತಾಗ ವಿದ್ಯಾರ್ಥಿಗಳು ಕೈಚೆಲ್ಲುತ್ತಾರೆ. ಅಡುಗೆ ಅನಿಲದಲ್ಲಿರುವ ಬ್ಯೂಟೇನ್ ‘ಸಿ₄ ಎಚ್₁₀’. ಅದು ಪೂರ್ತಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ಕಾರ್ಬನ್ನಿಗೆ 4, ಹೈಡ್ರೋಜನ್ನಿಗೆ 5 ಹಾಕಿದರೆ ಬಲಕ್ಕೆ ಆಕ್ಸಿಜನ್ 8 + 5 = 13. ಎಡಕ್ಕೆ ಆಕ್ಸಿಜನ್ ಜೋಡಿಯಾಗಿ ಬರುವುದರಿಂದ ಸದ್ಯಕ್ಕೆ 13/2 ಎಂದೇ ಬರೆದುಕೊಂಡು, ಆಮೇಲೆ ಇಡೀ ಸಮೀಕರಣವನ್ನು ಎರಡರಿಂದ ಗುಣಿಸಿ:

2 ಸಿ₄ ಎಚ್₁₀ + 13 ಓ₂ → 8 ಸಿ ಓ₂ + 10 ಎಚ್₂ ಓ

ಗುಣಿಸುವಾಗ ಒಂದು ಸೂತ್ರವನ್ನು ಮರೆತುಬಿಡುವುದು ಇಲ್ಲಿಯ ಅಪಾಯ, ಹೆಚ್ಚಾಗಿ ಅಂಕಿಯಿಲ್ಲದೆ ನಿಂತಿದ್ದ ಮೊದಲ ಸೂತ್ರವನ್ನೇ.

ಹಂತ 7: ಮೊಂಡು ಸಮೀಕರಣಗಳಿಗೆ ಬೀಜಗಣಿತ

ಕೆಲವು ಸಮೀಕರಣಗಳಲ್ಲಿ ಮೇಲಿನ ಉಪಾಯಗಳು ಕೈಕೊಡುತ್ತವೆ. ತಾಮ್ರ ಮತ್ತು ದುರ್ಬಲ ನೈಟ್ರಿಕ್ ಆಮ್ಲದ ಕ್ರಿಯೆಯಲ್ಲಿ ನೈಟ್ರೇಟಿನ ಒಂದು ಪಾಲು ಹಾಗೇ ಉಳಿದು ಇನ್ನೊಂದು ಪಾಲು ಒಡೆಯುವುದರಿಂದ ಅದನ್ನು ಗುಂಪಾಗಿ ಎಣಿಸಲು ಬರುವುದಿಲ್ಲ. ಆಗ ಪ್ರತಿ ಸೂತ್ರದ ಮುಂದೆ ಒಂದೊಂದು ಅಕ್ಷರ ಇಡಿ:

ಕ ಸಿಯು + ಖ ಎಚ್ ಎನ್ ಓ₃ → ಗ ಸಿಯು (ಎನ್ ಓ₃)₂ + ಘ ಎನ್ ಓ + ಚ ಎಚ್₂ ಓ

ಪ್ರತಿ ಧಾತುವಿಗೂ ಒಂದು ಸಾಲು ಬರೆಯಿರಿ. ತಾಮ್ರದಿಂದ ಕ = ಗ. ಹೈಡ್ರೋಜನ್ನಿನಿಂದ ಖ = 2ಚ. ನೈಟ್ರೋಜನ್ನಿನಿಂದ ಖ = 2ಗ + ಘ. ಆಕ್ಸಿಜನ್ನಿನಿಂದ 3ಖ = 6ಗ + ಘ + ಚ. ಎರಡನೆಯ ಮತ್ತು ಮೂರನೆಯ ಸಾಲುಗಳಿಂದ ಘ = 2ಚ – 2ಗ. ಇದನ್ನು ನಾಲ್ಕನೆಯ ಸಾಲಿಗೆ ಹಾಕಿದರೆ 6ಚ = 4ಗ + 3ಚ, ಅಂದರೆ 3ಚ = 4ಗ. ಪೂರ್ಣಾಂಕಗಳೇ ಬೇಕಾಗಿರುವುದರಿಂದ ಗ = 3, ಚ = 4. ಉಳಿದದ್ದು ತಾನಾಗಿ ಬರುತ್ತದೆ: ಕ = 3, ಖ = 8, ಘ = 2. ಈ ದಾರಿ ಉದ್ದವಾದರೂ ಊಹೆಗೆ ಕೆಲಸವಿಲ್ಲ. ಆದರೆ ಸರಳ ಸಮೀಕರಣಗಳಿಗೂ ಇದನ್ನೇ ಹಿಡಿದು ಪರೀಕ್ಷೆಯಲ್ಲಿ ಹೊತ್ತು ಕಳೆಯಬೇಡಿ.

ಬೀದರಿನ ವಿದ್ಯಾರ್ಥಿಗಳು ಬಿದ್ರಿ ಕೆಲಸದ ಕಪ್ಪು ಬಣ್ಣಕ್ಕೆ ಸಮೀಕರಣ ಬರೆದುಕೊಡಿ ಎಂದು ಕೇಳುವುದುಂಟು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಮಿಶ್ರಲೋಹಕ್ಕೆ ನವಸಾಗರ ಮತ್ತು ಕೋಟೆಯ ಹಳೆಯ ಮಣ್ಣನ್ನು ಕಲಸಿ ಹಚ್ಚಿದಾಗ ಲೋಹ ಕಪ್ಪಾಗಿ, ಬೆಳ್ಳಿಯ ಕುಸುರಿ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಆ ಮಣ್ಣಿನಲ್ಲಿ ನೈಟ್ರೇಟ್ ಲವಣಗಳಿದ್ದರೂ ಅದು ಹಲವು ವಸ್ತುಗಳ ಮಿಶ್ರಣ. ಸಮೀಕರಣ ಬರೆಯಬೇಕಾದರೆ ಬಾಣದ ಎರಡೂ ಕಡೆಯ ವಸ್ತುಗಳು ಯಾವುವೆಂದು ಖಚಿತವಾಗಿ ಗೊತ್ತಿರಬೇಕು. ಕಪ್ಪಾಗುವ ಈ ಇಡೀ ಕೆಲಸವನ್ನು ಒಂದೇ ಸಾಲಿನಲ್ಲಿ ಹಿಡಿದು ಸರಿದೂಗಿಸಲು ಹೋಗಬಾರದು.

ಹಂತ 8: ಒಪ್ಪಿಸುವ ಮೊದಲು

ಪ್ರತಿ ಧಾತುವನ್ನೂ ಇನ್ನೊಮ್ಮೆ ಎಣಿಸಿ, ಕಂಸದ ಹೊರಗಿನ ಅಂಕಿ ಒಳಗಿನ ಎಲ್ಲವನ್ನೂ ಗುಣಿಸಿದೆಯೇ ನೋಡಿ. ಎಲ್ಲ ಸಹಗುಣಕಗಳೂ ಒಂದೇ ಸಂಖ್ಯೆಯಿಂದ ಭಾಗವಾಗುವಂತಿದ್ದರೆ ಭಾಗಿಸಿ ಚಿಕ್ಕದು ಮಾಡಿ. 1 ಎಂಬ ಸಹಗುಣಕವನ್ನು ಬರೆಯುವ ರೂಢಿಯಿಲ್ಲ. ಸಹಗುಣಕ ಸೂತ್ರದ ಮುಂದೆಯೇ ಇರಬೇಕು, ನಡುವೆ ಸಿಕ್ಕಿಸಬಾರದು. ಘನ, ದ್ರವ, ಅನಿಲ, ಜಲೀಯ ದ್ರಾವಣ ಎಂಬ ಸ್ಥಿತಿಗಳನ್ನು ಪ್ರಶ್ನೆಯಲ್ಲಿ ಕೇಳಿದ್ದರೆ ಅವನ್ನು ಕಟ್ಟಕಡೆಗೆ ಕಂಸದಲ್ಲಿ ಸೇರಿಸಿ. ಎಣಿಸುವ ಹೊತ್ತಿಗೆ ಅವು ಕಣ್ಣಿಗೆ ಅಡ್ಡ ಬರುತ್ತವೆ.

ಅಭ್ಯಾಸಕ್ಕೆ ಐದು ಕ್ರಿಯೆಗಳು. ಹೆಸರು ಮಾತ್ರ ಕೊಟ್ಟಿದ್ದೇನೆ, ಸೂತ್ರ ನೀವೇ ಕಟ್ಟಬೇಕು.

1. ಸೋಡಿಯಂ ಮತ್ತು ನೀರು ಸೇರಿ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಹೈಡ್ರೋಜನ್.
2. ಅಮೋನಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸೇರಿ ಕ್ಯಾಲ್ಸಿಯಂ ಕ್ಲೋರೈಡ್, ಅಮೋನಿಯಾ (ಎನ್ ಎಚ್₃) ಮತ್ತು ನೀರು.
3. ಐರನ್ ಮೂರು ಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸೇರಿ ಕಬ್ಬಿಣ ಮತ್ತು ಕಾರ್ಬನ್ ಡೈಆಕ್ಸೈಡ್.
4. ಲೆಡ್ ಎರಡು ನೈಟ್ರೇಟ್ ಕಾದು ಲೆಡ್ ಎರಡು ಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಮತ್ತು ಆಕ್ಸಿಜನ್.
5. ಪೊಟ್ಯಾಸಿಯಂ ಕ್ಲೋರೇಟ್ (ಕೆ ಸಿಎಲ್ ಓ₃) ಕಾದು ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಆಕ್ಸಿಜನ್.

ಮೇಲಿನ ವಾಕ್ಯಗಳಲ್ಲಿ ವಸ್ತುಗಳು ಬಂದ ಅನುಕ್ರಮದಲ್ಲೇ ಸಹಗುಣಕಗಳು: ಮೊದಲನೆಯದಕ್ಕೆ 2, 2, 2, 1, ಎರಡನೆಯದಕ್ಕೆ 2, 1, 1, 2, 2, ಮೂರನೆಯದಕ್ಕೆ 1, 3, 2, 3, ನಾಲ್ಕನೆಯದಕ್ಕೆ 2, 2, 4, 1, ಐದನೆಯದಕ್ಕೆ 2, 2, 3. ನಿಮ್ಮ ಉತ್ತರ ಬೇರೆಯಾಗಿದ್ದರೆ ಅಂಕಿಗಳನ್ನು ತಿದ್ದುವ ಮುನ್ನ ನೀವು ಬರೆದ ಸೂತ್ರಗಳ ಆವೇಶವನ್ನು ಕೂಡಿಸಿ ನೋಡಿ.